ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕ್ : ತಾಳೆಯಾಗದ ಲೆಕ್ಕ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಕೀಲುನೋವು ಮೊದಲಾದವುಗಳನ್ನು ಕುರಿತು ವೈದ್ಯಮಿತ್ರರು ಬರೆಯುವುದು ವಾಡಿಕೆ. ಅಂಥ ಲೇಖನಗಳ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನು ಗಣಕಯಂತ್ರದ ಅಸ್ವಾಸ್ಥ್ಯವನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ಕೊಂಚ ವಿಚಿತ್ರವೆನಿಸಬಹುದು. ಆದರೆ ಮುಂಬಯಿ, ಪುಣೆ, ದೆಹಲಿ, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮವರ ಎಷ್ಟೋ ಮನೆಗಳ ಅಟ್ಟದ ಮೇಲೆ 1990ರ ದಶಕದ ಕೊನೆಯಲ್ಲಿ ಕೊಂಡ ಗಣಕಯಂತ್ರವೊಂದು ಇಂದಿಗೂ ಧೂಳು ತಿನ್ನುತ್ತ ಕುಳಿತಿದೆ. ಊರಿನ ಹಳೆಯ ಭಾವಚಿತ್ರಗಳು, 1998ರಲ್ಲಿ ಬಂದ 'ಬರಹ' ತಂತ್ರಾಂಶದಲ್ಲಿ ತಂದೆಯವರು ಅಕ್ಷರ ಅಕ್ಷರವಾಗಿ ಕುಟ್ಟಿದ ಆತ್ಮಕಥನ, ಸಂಘದ ಆಜೀವ ಸದಸ್ಯರ ಪಟ್ಟಿ, ಹಿಂದಿನ ಸಂಚಿಕೆಗಳ ಪುಟಗಳು, ಇವೆಲ್ಲ ಅದರೊಳಗೆ ಉಳಿದಿರುವುದುಂಟು. ಒಂದು ದಿನ ಅದನ್ನು ಕೆಳಗಿಳಿಸಿ ಚಾಲೂ ಮಾಡಿದರೆ ಅರ್ಧ ಡಿಸ್ಕು ಕಾಣುವುದೇ ಇಲ್ಲ. ರಿಪೇರಿಯವನು ಐದು ನಿಮಿಷ ನೋಡಿ, "ಡಿಸ್ಕ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಿಬಿಡೋಣ" ಎಂದು ತೀರ್ಪು ಕೊಡುತ್ತಾನೆ.

ಡಿಸ್ಕಿನಿಂದ ಕಟಕಟ ಶಬ್ದ ಬರುತ್ತಿದ್ದರೆ, ಅಥವಾ ಅದು ತಿರುಗದೆಯೇ ಇದ್ದರೆ, ಅವನ ಮಾತು ನಿಜವಿರಬಹುದು. ಆದರೆ ಡಿಸ್ಕು ಸದ್ದಿಲ್ಲದೆ ತಿರುಗುತ್ತಿದ್ದು, ಯಂತ್ರದ ಮೊದಲ ಪರದೆಯ ಮೇಲೆ ಅದರ ಹೆಸರು ಸರಿಯಾಗಿ ಮೂಡುತ್ತಿದ್ದರೆ ಅವಸರ ಕೂಡದು. ಅಂಥ ಸಂದರ್ಭಗಳಲ್ಲಿ ಬರೆದದ್ದೆಲ್ಲ ಬರೆದಂತೆಯೇ ಇದ್ದು, ಅದನ್ನು ಹುಡುಕುವ ಲೆಕ್ಕ ಮಾತ್ರ ತಪ್ಪಿರುವ ಸಂಭವವುಂಟು. ಇದನ್ನೇ ಬಲ್ಲವರು ಡಿಸ್ಕಿನ ಜ್ಯಾಮಿತಿಯ ವ್ಯತ್ಯಾಸವೆಂದು ಕರೆಯುತ್ತಾರೆ. ಹೆಸರು ದೊಡ್ಡದಾದರೂ ವಿಷಯ ಖತಾವಣಿ ಪುಸ್ತಕ ನೋಡಿದ ಯಾರಿಗಾದರೂ ಅರ್ಥವಾಗುವಂಥದು.

ಖತಾವಣಿಯಲ್ಲಿ ಒಂದು ನಮೂದು "ಹತ್ತನೆಯ ಪುಟ, ಐದನೆಯ ಸಾಲಿ"ನಲ್ಲಿದೆ ಎಂದುಕೊಳ್ಳೋಣ. ಪುಟಕ್ಕೆ 40 ಸಾಲುಗಳಿದ್ದರೆ ಅದು ಮೊದಲಿನಿಂದ 365ನೆಯ ಸಾಲು. ಪುಟಕ್ಕೆ 36 ಸಾಲುಗಳಿರುವ ಪುಸ್ತಕದಲ್ಲಿ ಅದೇ ವಿಳಾಸವು 329ನೆಯ ಸಾಲನ್ನು ತೋರಿಸುತ್ತದೆ. ವಿಳಾಸದಲ್ಲಿ ಒಂದು ಅಂಕಿಯೂ ಬದಲಾಗಿಲ್ಲ, ಆದರೂ ಸಿಕ್ಕುವ ಖಾತೆ ಬೇರೊಬ್ಬನದು.

ಹಾರ್ಡ್ ಡಿಸ್ಕಿನ ವಿಳಾಸವೂ ಇಂಥದೇ. ಅದರೊಳಗೆ ಒಂದೇ ಅಚ್ಚಿನ ಮೇಲೆ ತಿರುಗುವ ತಟ್ಟೆಗಳಿವೆ. ಪ್ರತಿ ಮುಖಕ್ಕೂ ಓದುವ, ಬರೆಯುವ ಒಂದು ಹೆಡ್ ಇರುತ್ತದೆ. ತಟ್ಟೆಯ ಮೇಲಿನ ವೃತ್ತಾಕಾರದ ಪಥಗಳ ಪೈಕಿ, ಎಲ್ಲ ಮುಖಗಳಲ್ಲಿಯೂ ಒಂದರ ಕೆಳಗೊಂದು ಬರುವ ಪಥಗಳ ಸಮೂಹಕ್ಕೆ ಸಿಲಿಂಡರ್ ಎಂದು ಹೆಸರು. ಪ್ರತಿ ಪಥವೂ 512 ಬೈಟುಗಳ ತುಣುಕುಗಳಾಗಿ, ಅಂದರೆ ಸೆಕ್ಟರುಗಳಾಗಿ ಒಡೆದಿರುತ್ತದೆ. ಸಿಲಿಂಡರನ್ನು ಸಂಪುಟವೆಂದೂ, ಹೆಡ್ಡನ್ನು ಪುಟವೆಂದೂ, ಸೆಕ್ಟರನ್ನು ಸಾಲೆಂದೂ ಭಾವಿಸಿದರೆ ಸಾಕು. ಸಿಲಿಂಡರ್ ಮತ್ತು ಹೆಡ್ಡುಗಳನ್ನು ಸೊನ್ನೆಯಿಂದಲೂ, ಸೆಕ್ಟರನ್ನು ಮಾತ್ರ ಒಂದರಿಂದಲೂ ಎಣಿಸುವ ಪದ್ಧತಿ ಹೇಗೋ ಬೇರೂರಿಬಿಟ್ಟಿದೆ. ಈ ಮೂರು ಅಂಕಿಗಳಿಂದ ಕ್ರಮಸಂಖ್ಯೆಯನ್ನು ಪಡೆಯುವ ಬಗೆ ಹೀಗೆ: ಸಿಲಿಂಡರಿನ ಅಂಕಿಯನ್ನು ಒಟ್ಟು ಹೆಡ್ಡುಗಳಿಂದ ಗುಣಿಸಿ, ವಿಳಾಸದಲ್ಲಿರುವ ಹೆಡ್ಡಿನ ಅಂಕಿಯನ್ನು ಕೂಡಿಸಿ, ಬಂದುದನ್ನು ಒಂದು ಪಥದ ಸೆಕ್ಟರುಗಳಿಂದ ಗುಣಿಸಿ, ಸೆಕ್ಟರಿನ ಅಂಕಿಯಲ್ಲಿ ಒಂದು ಕಳೆದು ಸೇರಿಸತಕ್ಕದ್ದು. ಸಂಪುಟ ಪುಟಗಳ ಗೊಡವೆಯಿಲ್ಲದೆ ಸೊನ್ನೆಯಿಂದ ನೇರವಾಗಿ ಎಣಿಸುವ ಈ ಕ್ರಮಸಂಖ್ಯೆಗೆ ಎಲ್‌ಬಿಎ ಎಂದು ಹೆಸರು. ಒಟ್ಟು ಹೆಡ್ಡುಗಳು ಎಷ್ಟೆಂಬುದರಲ್ಲಿ ಇಬ್ಬರಿಗೆ ಒಮ್ಮತವಿಲ್ಲದಿದ್ದರೆ ಕ್ರಮಸಂಖ್ಯೆಯೂ ಬೇರೆಯಾಗುವುದೆಂಬುದು ಸ್ಪಷ್ಟ.

ಒಂದೇ ಡಿಸ್ಕಿನ ಹೆಡ್ಡುಗಳ ಬಗ್ಗೆ ಭಿನ್ನಾಭಿಪ್ರಾಯವೇಕೆ ಬರಬೇಕು? ಆರಂಭದಲ್ಲಿ ಬರುತ್ತಿರಲಿಲ್ಲ. 1984ರ ಐಬಿಎಂ ಪಿಸಿ/ಎಟಿ ಯಂತ್ರದಲ್ಲಿ ಡಿಸ್ಕಿನ ಮಾದರಿಯ ಸಂಖ್ಯೆಯೊಂದನ್ನು ಆರಿಸಿ ಇಟ್ಟರೆ, ಬ್ಯಾಟರಿಯ ಬಲದಿಂದ ಯಂತ್ರವು ಅದನ್ನು ನೆನಪಿಡುತ್ತಿತ್ತು. ಆಗಿನ ಅಂಕಿಗಳು ಡಿಸ್ಕಿನ ಒಡಲಿಗೆ ಅನುಗುಣವಾಗಿಯೇ ಇದ್ದವು. ಅನಂತರ ತಯಾರಕರು, ಹೊರಗಿನ ಪಥ ಒಳಗಿನದಕ್ಕಿಂತ ಉದ್ದವಾದುದರಿಂದ ಅಲ್ಲಿ ಹೆಚ್ಚು ಸೆಕ್ಟರುಗಳನ್ನು ತುಂಬತೊಡಗಿದರು. "ಪಥಕ್ಕೆ ಇಷ್ಟು ಸೆಕ್ಟರು" ಎಂಬ ಒಂದೇ ಅಂಕಿಗೆ ಆಗ ಅರ್ಥವೇ ಉಳಿಯಲಿಲ್ಲ. ಆದರೆ ಹಳೆಯ ತಂತ್ರಾಂಶಗಳು ಮೂರು ಅಂಕಿಗಳನ್ನೇ ಕೇಳುತ್ತಿದ್ದುದರಿಂದ, ಡಿಸ್ಕು ತನ್ನ ಒಳಗಿನ ವ್ಯವಸ್ಥೆಯನ್ನು ಮರೆಮಾಡಿ, ಗುಣಲಬ್ಧ ಸರಿಹೋಗುವಂಥ ಮೂರು ಅಂಕಿಗಳನ್ನು ಹೇಳುವ ಅಭ್ಯಾಸ ಮಾಡಿಕೊಂಡಿತು. ಡಿಸ್ಕಿನ ಚೀಟಿಯ ಮೇಲೆ "15 ಹೆಡ್" ಎಂದಿದ್ದರೆ ನಂಬಬೇಕಾಗಿಲ್ಲ. ಹದಿನೈದು ಹೆಡ್ಡುಗಳಿಗೆ ಎಂಟು ತಟ್ಟೆಗಳು ಬೇಕು. ಒಂದು ಅಂಗುಲ ದಪ್ಪದ ಆ ಪೆಟ್ಟಿಗೆಯಲ್ಲಿ ಅಷ್ಟಕ್ಕೆ ಎಡೆಯೆಲ್ಲಿ?

ಇಲ್ಲಿಗೆ ಮುಗಿಯಲಿಲ್ಲ. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್, ತನ್ನ ಅರ್ಜಿಯ ನಮೂನೆಯಲ್ಲಿ 1024 ಸಿಲಿಂಡರು, 256 ಹೆಡ್, 63 ಸೆಕ್ಟರುಗಳಿಗೆ ಮಾತ್ರ ಜಾಗ ಬಿಟ್ಟಿತ್ತು. ಡಿಸ್ಕಿನ ನಮೂನೆಯಲ್ಲಿ 65,536 ಸಿಲಿಂಡರು, 16 ಹೆಡ್, 255 ಸೆಕ್ಟರುಗಳಿಗೆ ಜಾಗವಿತ್ತು. ಒಂದೊಂದೂ ತನ್ನಷ್ಟಕ್ಕೆ ಧಾರಾಳವೇ. ಆದರೆ ಎರಡು ನಮೂನೆಗಳನ್ನೂ ಏಕಕಾಲಕ್ಕೆ ತುಂಬಬೇಕಾದಾಗ ಪ್ರತಿ ಅಂಕಣದಲ್ಲಿಯೂ ಕಡಿಮೆಯದೇ ಮಿತಿ. 1024, 16, 63 ಮತ್ತು 512ನ್ನು ಗುಣಿಸಿದರೆ 52,84,82,304 ಬೈಟುಗಳು. ಇದಕ್ಕಿಂತ ದೊಡ್ಡ ಡಿಸ್ಕನ್ನು ಹಳೆಯ ಯಂತ್ರ ಕಾಣಲಾರದೆ ಹೋಯಿತು.

ಇದಕ್ಕೆ ಕಂಡುಕೊಂಡ ಉಪಾಯವೇ ಭಾಷಾಂತರ: ಸಿಲಿಂಡರುಗಳನ್ನು ಕಡಿಮೆ ಮಾಡಿ ಹೆಡ್ಡುಗಳನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸುವುದು. ಬಯಾಸಿನ ಪರದೆಯಲ್ಲಿ 'ನಾರ್ಮಲ್', 'ಲಾರ್ಜ್', 'ಎಲ್‌ಬಿಎ' ಎಂಬ ಮೂರು ಪದ್ಧತಿಗಳು ಕಾಣುವುದು ಇದರಿಂದಲೇ. 'ನಾರ್ಮಲ್' ಎಂದರೆ ಭಾಷಾಂತರವಿಲ್ಲ. 'ಲಾರ್ಜ್' ಪದ್ಧತಿಯು ಸಿಲಿಂಡರುಗಳು 1024ರೊಳಗೆ ಬರುವ ತನಕ ಅವನ್ನು ಅರ್ಧಿಸುತ್ತ, ಹೆಡ್ಡುಗಳನ್ನು ಇಮ್ಮಡಿಸುತ್ತ ಹೋಗುತ್ತದೆ. 'ಎಲ್‌ಬಿಎ' ಪದ್ಧತಿಯು ಒಟ್ಟು ಸೆಕ್ಟರುಗಳನ್ನು ನೋಡಿ 16, 32, 64, 128, 255 ಇವುಗಳಲ್ಲಿ ಯಾವುದು ಸಾಲುವುದೋ ಅಷ್ಟು ಹೆಡ್ಡುಗಳನ್ನು ಇಟ್ಟುಕೊಳ್ಳುತ್ತದೆ. ಕೊನೆಯದು 256 ಆಗದೆ 255 ಆದುದಕ್ಕೆ ಕಾರಣ, ಎಂಎಸ್-ಡಾಸ್ 256 ಹೆಡ್ಡುಗಳಲ್ಲಿ ಮುಗ್ಗರಿಸುತ್ತಿದ್ದುದು. ಎರಡೂ ಪದ್ಧತಿಗಳು ತಮ್ಮ ತಮ್ಮ ಮಟ್ಟಿಗೆ ಪ್ರಾಮಾಣಿಕವಾದವು. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದಿದಾಗ ಮಾತ್ರ ಅನರ್ಥ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ನಮ್ಮ ಪರಿಚಯದ ಹಿರಿಯ ಮಹಿಳೆಯೊಬ್ಬರ ಮನೆಯಲ್ಲಿ ಅವರ ದಿವಂಗತ ಯಜಮಾನರ ಯಂತ್ರವಿತ್ತು. ನಿವೃತ್ತ ಅಧ್ಯಾಪಕರಾಗಿದ್ದ ಅವರು ತಮ್ಮ ಸೀಮೆಯ ಗಾದೆಗಳನ್ನೂ ಮದುವೆಯ ಹಾಡುಗಳನ್ನೂ ಅದರಲ್ಲಿ ವರ್ಷಗಟ್ಟಲೆ ಸಂಗ್ರಹಿಸಿಟ್ಟಿದ್ದರು. ಬಹುಕಾಲ ಮುಚ್ಚಿಟ್ಟ ಯಂತ್ರದ ಬ್ಯಾಟರಿ ಸತ್ತಿತ್ತು. ಅಂಗಡಿಯವರು ಸಿಆರ್2032 ಎಂಬ ಹೊಸ ಬಿಲ್ಲೆ ಬ್ಯಾಟರಿ ಹಾಕಿ, ಡಿಸ್ಕಿನ ಪದ್ಧತಿಯನ್ನು 'ಆಟೋ' ಎಂದು ಬಿಟ್ಟರು. ಯಂತ್ರ ಎರಡು ಸಾಲು ತೋರಿಸಿ ನಿಂತುಬಿಟ್ಟಿತು. ಡಿ ವಿಭಾಗದ ಸುಳಿವೇ ಇರಲಿಲ್ಲ. "ಅವರು ಬರೆದದ್ದೆಲ್ಲ ಅದರಲ್ಲೇ ಇತ್ತಪ್ಪ, ಇನ್ನು ಸಿಕ್ಕೋದಿಲ್ಲವಂತೆ" ಎಂದು ಆಕೆ ಹೇಳಿದರು.

ಡಿಸ್ಕಿನ ಚೀಟಿಯಲ್ಲಿದ್ದುದು 13,328 ಸಿಲಿಂಡರು, 15 ಹೆಡ್, 63 ಸೆಕ್ಟರು. ಅಂದರೆ ಒಟ್ಟು 1,25,94,960 ಸೆಕ್ಟರುಗಳು, ಸುಮಾರು 6.4 ಗಿಗಾಬೈಟ್. 'ಲಾರ್ಜ್' ಪದ್ಧತಿಯಲ್ಲಿ ಇದು 833 ಸಿಲಿಂಡರು, 240 ಹೆಡ್ ಆಗುತ್ತದೆ. 'ಎಲ್‌ಬಿಎ' ಪದ್ಧತಿಯಲ್ಲಿ 784 ಸಿಲಿಂಡರು, 255 ಹೆಡ್. ಗುಣಿಸಿ ನೋಡಿದರೆ ಎರಡೂ ಪಥಕ್ಕೆ 63 ಸೆಕ್ಟರಿನಂತೆ ಅದೇ 1,25,94,960ಕ್ಕೆ ಬಂದು ನಿಲ್ಲುತ್ತವೆ. ಒಟ್ಟು ಮೊತ್ತ ನೋಡಿ ಸಮಾಧಾನಪಡುವವನಿಗೆ ಯಾವ ದೋಷವೂ ಕಾಣದು.

ಇಲ್ಲಿ ನೆರವಿಗೆ ಬರುವುದು ಡಿಸ್ಕಿನ ಮೊದಲನೆಯ ಸೆಕ್ಟರಿನಲ್ಲಿರುವ ಪಾರ್ಟಿಷನ್ ಪಟ್ಟಿ. 64 ಬೈಟುಗಳ ಆ ಪಟ್ಟಿಯಲ್ಲಿ ನಾಲ್ಕು ನಮೂದುಗಳಿಗೆ ಸ್ಥಳವಿದೆ. ಪ್ರತಿ ನಮೂದಿನಲ್ಲಿಯೂ ವಿಭಾಗದ ಆರಂಭವನ್ನು ಎರಡು ರೀತಿಯಾಗಿ ಬರೆದಿರುತ್ತದೆ: ಸಿಲಿಂಡರ್, ಹೆಡ್, ಸೆಕ್ಟರುಗಳಲ್ಲಿ ಒಮ್ಮೆ, ನೇರ ಕ್ರಮಸಂಖ್ಯೆಯಲ್ಲಿ ಇನ್ನೊಮ್ಮೆ. ವಾಣಿಜ್ಯಶಾಸ್ತ್ರ ಓದಿದವನಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೇನಿದೆ? ಇದು ಜೋಡಿ ನಮೂದಿನ ಪದ್ಧತಿಯೇ. ಎರಡು ಕಡೆಯ ಅಂಕಿಗಳನ್ನು ತಾಳೆ ನೋಡಿದರೆ ಪಟ್ಟಿ ಬರೆದವನು ಯಾವ ಲೆಕ್ಕದಲ್ಲಿ ಬರೆದನೆಂಬುದು ತಿಳಿಯುತ್ತದೆ.

ಆ ಡಿಸ್ಕಿನ ಎರಡನೆಯ ವಿಭಾಗವು 261ನೆಯ ಸಿಲಿಂಡರು, ಸೊನ್ನೆಯ ಹೆಡ್, ಒಂದನೆಯ ಸೆಕ್ಟರಿನಿಂದ ಆರಂಭವೆಂದು ಪಟ್ಟಿ ಹೇಳುತ್ತಿತ್ತು. ಪಕ್ಕದಲ್ಲಿದ್ದ ಕ್ರಮಸಂಖ್ಯೆ 39,46,320. 255 ಹೆಡ್ಡುಗಳ ಲೆಕ್ಕದಲ್ಲಿ 261, 255, 63ರ ಗುಣಲಬ್ಧ 41,92,965, ತಾಳೆಯಿಲ್ಲ. 240ರ ಲೆಕ್ಕದಲ್ಲಿ 39,46,320, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೊಸದಾಗಿ ಎಚ್ಚೆತ್ತ ಬಯಾಸ್ 2,46,645 ಸೆಕ್ಟರುಗಳಷ್ಟು, ಅಂದರೆ ಸುಮಾರು 126 ಮೆಗಾಬೈಟುಗಳಷ್ಟು ಮುಂದಕ್ಕೆ ಹೋಗಿ ಬಾಗಿಲು ತಟ್ಟುತ್ತಿತ್ತು. ಇನ್ನೊಂದು ಕುರುಹೂ ಇತ್ತು. ಡಾಸ್ ಕಾಲದ ವಿಭಾಗಗಳು ಸಿಲಿಂಡರಿನ ಅಂಚಿನಲ್ಲಿಯೇ ಮುಗಿಯುತ್ತಿದ್ದವಾದ್ದರಿಂದ, ಮುಕ್ತಾಯದ ಹೆಡ್ಡಿನ ಅಂಕಿಗೆ ಒಂದು ಸೇರಿಸಿದರೆ ಒಟ್ಟು ಹೆಡ್ಡುಗಳು ದೊರೆಯುತ್ತವೆ. ಇಲ್ಲಿ ಮುಕ್ತಾಯವು 832ನೆಯ ಸಿಲಿಂಡರು, 239ನೆಯ ಹೆಡ್. 784 ಸಿಲಿಂಡರುಗಳ ಲೆಕ್ಕದಲ್ಲಿ 832 ಎಂಬ ಸಿಲಿಂಡರೇ ಇಲ್ಲ!

ಮೊದಲನೆಯ ವಿಭಾಗ ಭಾಗಶಃ ಕಂಡು ಎರಡನೆಯದು ಕಾಣದೆ ಹೋದುದಕ್ಕೂ ಇಲ್ಲಿಯೇ ಉತ್ತರವಿದೆ. ಮೊದಲನೆಯ ವಿಭಾಗ ಸಾಮಾನ್ಯವಾಗಿ ಸೊನ್ನೆಯ ಸಿಲಿಂಡರು, ಒಂದನೆಯ ಹೆಡ್ಡಿನಿಂದ ಆರಂಭವಾಗುತ್ತದೆ; ಯಾವ ಲೆಕ್ಕದಲ್ಲಿ ಗುಣಿಸಿದರೂ ಅದು 63ನೆಯ ಕ್ರಮಸಂಖ್ಯೆಯೇ. ಸೊನ್ನೆಯ ಸಿಲಿಂಡರು ದಾಟುವ ತನಕ ಎರಡು ಲೆಕ್ಕಗಳೂ ಒಟ್ಟಿಗೆ ನಡೆಯುತ್ತವೆ, ಅನಂತರ ಬೇರೆಯಾಗುತ್ತವೆ. ಯಂತ್ರ ಎದ್ದಂತೆ ಮಾಡಿ ನಡುವೆ ನಿಲ್ಲುವುದು, ಸಿ ಇದ್ದು ಡಿ ಇಲ್ಲದಿರುವುದು, ಇವು ಈ ರೋಗದ ಲಕ್ಷಣಗಳೆಂದು ವಾಚಕರು ನೆನಪಿಡಬಹುದು. ನೇರ ಕ್ರಮಸಂಖ್ಯೆಯನ್ನೇ ನಂಬುವ ಲಿನಕ್ಸ್ ಸಿ.ಡಿ.ಯಿಂದ ಯಂತ್ರವನ್ನು ಎಬ್ಬಿಸಿದಾಗ ಎರಡೂ ವಿಭಾಗಗಳು ಕಂಡುಬಂದರೆ ನಿದಾನವು ಬಹುಮಟ್ಟಿಗೆ ಖಚಿತ.

ಚಿಕಿತ್ಸೆ ಏನಾಗಿತ್ತೆಂದರೆ, ಬಯಾಸಿನಲ್ಲಿ 'ಆಟೋ' ಎಂಬುದನ್ನು 'ಲಾರ್ಜ್' ಎಂದು ಬದಲಾಯಿಸಿದ್ದು, ಅಷ್ಟೇ. ಡಿಸ್ಕಿನ ಮೇಲೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಆದರೆ ಅದಕ್ಕೆ ಮುನ್ನ ಡಿಸ್ಕನ್ನು ಬಿಚ್ಚಿ ಪೂರ್ಣ ಪ್ರತಿಯೊಂದನ್ನು ಮಾಡಿಕೊಂಡಿದ್ದೆವು. ಈ ಕ್ರಮವನ್ನು ಮಾತ್ರ ಯಾರೂ ಬಿಡಬಾರದು. ಹಳೆಯ ಐಡಿಇ ಡಿಸ್ಕನ್ನು ಇಂದಿನ ಯಂತ್ರದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರು ಲ್ಯಾಮಿಂಗ್ಟನ್ ರಸ್ತೆ, ನೆಹರೂ ಪ್ಲೇಸ್, ರಿಚಿ ಬೀದಿಯಂಥ ಕಡೆಗಳಲ್ಲಿ ಹುಡುಕಿದರೆ ಸಿಕ್ಕುತ್ತದೆ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಮೊದಲಿನಿಂದ ಕೊನೆಯ ತನಕ ಸೆಕ್ಟರುಗಳನ್ನು ಇದ್ದಂತೆಯೇ ಒಂದು ಕಡತಕ್ಕೆ ಇಳಿಸಿಕೊಡುತ್ತದೆ. ಬಹಳ ಹಳೆಯ, ಎಲ್‌ಬಿಎ ಅರಿಯದ ಡಿಸ್ಕುಗಳನ್ನು ಈ ಅಡಾಪ್ಟರುಗಳು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಅವಕ್ಕೆ ಹಳೆಯ ಯಂತ್ರವೇ ಬೇಕು. ಚೀಟಿಯ ಮೇಲಿನ ಮೂರು ಅಂಕಿಗಳನ್ನು ಬಯಾಸಿನಲ್ಲಿ ಕೈಯಿಂದಲೇ ತುಂಬಬೇಕು.

ಈ ನಡುವೆ ಯಂತ್ರವು "ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?", "ಇನಿಷಿಯಲೈಸ್ ಮಾಡಲೇ?" ಎಂದು ಬಹು ವಿನಯದಿಂದ ಕೇಳುತ್ತದೆ. ಬೇಡವೆನ್ನಬೇಕು. ಸ್ಕ್ಯಾನ್‌ಡಿಸ್ಕ್, ಚೆಕ್‌ಡಿಸ್ಕ್‌ಗಳಂಥ ದುರಸ್ತಿ ತಂತ್ರಾಂಶಗಳನ್ನಂತೂ ಈ ಸ್ಥಿತಿಯಲ್ಲಿ ಓಡಿಸಲೇಕೂಡದು. ತಪ್ಪು ಪುಟ ತೆರೆದುಕೊಂಡು ಕುಳಿತ ಗುಮಾಸ್ತನು ಅಲ್ಲಿನ ಸರಿಯಾದ ಶಿಲ್ಕನ್ನು 'ತಿದ್ದಿ'ದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಲೆಕ್ಕದ ವ್ಯತ್ಯಾಸದಿಂದ ಕಡತಗಳು ಹಾಳಾಗುವುದಿಲ್ಲ, ಆ ವ್ಯತ್ಯಾಸವಿರುವಾಗ ಮಾಡಿದ ದುರಸ್ತಿಯಿಂದ ಹಾಳಾಗುತ್ತವೆ. ಪಾರ್ಟಿಷನ್ ಪಟ್ಟಿಯೇ ಅಳಿಸಿಹೋಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಹೆಡ್ಡುಗಳ ಸಂಖ್ಯೆಯನ್ನು ಬದಲಾಯಿಸಿ ವಿಭಾಗಗಳನ್ನು ಹುಡುಕಿಸಬಹುದು, ಕಡತಗಳು ಕಂಡ ಮೇಲೆಯೇ ಪಟ್ಟಿಯನ್ನು ಬರೆಯಿಸಬಹುದು.

ಬ್ಯಾಟರಿಯೊಂದೇ ಇದಕ್ಕೆ ಕಾರಣವಲ್ಲ. ಮದರ್‌ಬೋರ್ಡು ಬದಲಾದಾಗ, ಡಿಸ್ಕನ್ನು ಬೇರೆ ಯಂತ್ರಕ್ಕೆ ಒಯ್ದಾಗಲೂ ಇದೇ ಫಲ. ಹಳೆಯ ಬಯಾಸನ್ನು ವಂಚಿಸಲು ಡಿಸ್ಕಿನ ಆರಂಭದಲ್ಲಿಯೇ ಕುಳಿತಿರುತ್ತಿದ್ದ ಡಿಸ್ಕ್ ಮ್ಯಾನೇಜರ್, ಈಝಡ್-ಡ್ರೈವ್ ಎಂಬ ಮಧ್ಯವರ್ತಿ ತಂತ್ರಾಂಶಗಳಿದ್ದವು. ಮೊದಲನೆಯದು 63 ಸೆಕ್ಟರುಗಳಷ್ಟು ಲೆಕ್ಕವನ್ನು ಪಕ್ಕಕ್ಕೆ ಸರಿಸುತ್ತಿತ್ತು, ಎರಡನೆಯದು ಸೊನ್ನೆಯ ಸೆಕ್ಟರನ್ನು ಕೇಳಿದರೆ ಒಂದನೆಯದನ್ನು ಕೊಡುತ್ತಿತ್ತು. ಅಂಥ ಡಿಸ್ಕನ್ನು ಬೇರೆಡೆ ಜೋಡಿಸಿದಾಗ ಈ ಸರಿತವನ್ನು ಗಣನೆಗೆ ತೆಗೆದುಕೊಳ್ಳಬೇಕು.

ಹೊಸದಾಗಿ ಪಾರ್ಟಿಷನ್ ಮಾಡುವವರು ತಂತ್ರಾಂಶದಿಂದಲೇ ಈ ತೊಂದರೆ ತಂದುಕೊಳ್ಳುವುದೂ ಉಂಟು. 2004ರ ಮೇ ತಿಂಗಳಲ್ಲಿ ಹೊರಬಂದ ಫೆಡೋರಾ ಕೋರ್ 2 ಎಂಬ ಲಿನಕ್ಸನ್ನು ವಿಂಡೋಸ್ ಎಕ್ಸ್‌ಪಿಯ ಪಕ್ಕದಲ್ಲಿ ಸ್ಥಾಪಿಸಿಕೊಂಡ ಅನೇಕರಿಗೆ ವಿಂಡೋಸ್ ಎದ್ದೇಳದೆ ಹೋಯಿತು. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ಕರ್ನೆಲ್ 2.6 ಬಯಾಸಿನ ಲೆಕ್ಕವನ್ನು ವಿಚಾರಿಸುವುದನ್ನು ಬಿಟ್ಟು, ಡಿಸ್ಕು ತಾನೇ ಹೇಳಿಕೊಳ್ಳುವ 16 ಹೆಡ್ಡುಗಳನ್ನು ವರದಿ ಮಾಡತೊಡಗಿತ್ತು. ಪಾರ್ಟಿಷನ್ ಮಾಡುವ ತಂತ್ರಾಂಶ ಅದನ್ನು ನಂಬಿ, ವಿಂಡೋಸಿನ ನಮೂದಿನ ಒಂದು ಕಡೆಯನ್ನು 16ರ ಲೆಕ್ಕದಲ್ಲಿ ತಿದ್ದಿ ಬರೆಯಿತು. ಇನ್ನೊಂದು ಕಡೆಯ ಕ್ರಮಸಂಖ್ಯೆ ಇದ್ದಂತೆಯೇ ಇತ್ತು, ಕಡತಗಳೂ ಕ್ಷೇಮವಾಗಿದ್ದವು. ಪಟ್ಟಿಯನ್ನು ನೋಡಿ ಪದ್ಧತಿಯನ್ನು ಊಹಿಸುವ ಕೆಲವು ಬಯಾಸುಗಳು ಮಾತ್ರ ದಾರಿತಪ್ಪಿದವು. ಬಯಾಸಿನಲ್ಲಿ 'ಆಟೋ' ತೆಗೆದು 'ಎಲ್‌ಬಿಎ' ಎಂದು ಇಟ್ಟಾಗ ಬಹಳ ಮಂದಿಯ ವಿಂಡೋಸ್ ಮರಳಿ ಎದ್ದಿತು. ಉಳಿದವರು ಎಸ್‌ಎಫ್‌ಡಿಸ್ಕ್ ಎಂಬ ತಂತ್ರಾಂಶಕ್ಕೆ 255 ಹೆಡ್ಡುಗಳೆಂದು ಹೇಳಿ ಪಟ್ಟಿಯನ್ನು ಪುನಃ ಬರೆಯಿಸಿದರು. 2015ರ ನಂತರದ ಎಸ್‌ಎಫ್‌ಡಿಸ್ಕ್ ಹೆಡ್ಡುಗಳ ಲೆಕ್ಕವನ್ನೇ ಕೈಬಿಟ್ಟಿರುವುದರಿಂದ, ಆ ಔಷಧಿ ಬೇಕಾದವರು ಹಳೆಯ ಸಿ.ಡಿ.ಯನ್ನೇ ಹುಡುಕಬೇಕು.

ಆದ್ದರಿಂದ ಹಳೆಯ ಯಂತ್ರಕ್ಕೆ ಹೊಸದಾಗಿ ಪಾರ್ಟಿಷನ್ ಮಾಡುವಾಗ, ಬಯಾಸಿನಲ್ಲಿ 'ಆಟೋ'ಗೆ ಬಿಡದೆ 'ಎಲ್‌ಬಿಎ' ಎಂದು ಸ್ಪಷ್ಟವಾಗಿ ಆರಿಸಿ ಅನಂತರವೇ ಕೆಲಸಕ್ಕೆ ತೊಡಗತಕ್ಕದ್ದು. ಡಿಸ್ಕು ಯಾವ ಯಂತ್ರದಲ್ಲಿ ಇರಬೇಕೋ ಅದೇ ಯಂತ್ರದಲ್ಲಿ, ಒಂದೇ ತಂತ್ರಾಂಶದಿಂದ ಎಲ್ಲ ವಿಭಾಗಗಳನ್ನೂ ಮಾಡುವುದು ಕ್ಷೇಮ. ಉಳಿಸಿಕೊಳ್ಳಬೇಕಾದುದು ಏನೂ ಇಲ್ಲವಾದರೆ ಮೊದಲ ಸೆಕ್ಟರನ್ನು ಸೊನ್ನೆಗಳಿಂದ ತುಂಬಿ ಆರಂಭಿಸಬೇಕು; ಹಳೆಯ ಪಟ್ಟಿ ಉಳಿದಿದ್ದರೆ ಅದರಿಂದಲೇ ಲೆಕ್ಕ ಊಹಿಸುವವರುಂಟು. ಯಂತ್ರವನ್ನು ಎಬ್ಬಿಸುವ ವಿಭಾಗವು ಮೊದಲ 1024 ಸಿಲಿಂಡರುಗಳ ಒಳಗೆ, ಎಂದರೆ 255 ಹೆಡ್ಡುಗಳ ಲೆಕ್ಕದಲ್ಲಿ 8.4 ಗಿಗಾಬೈಟಿನೊಳಗೆ ಇರಲಿ. ಇಂದಿನ ತಂತ್ರಾಂಶಗಳು ಮೊದಲ ವಿಭಾಗವನ್ನು 2048ನೆಯ ಸೆಕ್ಟರಿನಿಂದ ಆರಂಭಿಸುತ್ತವೆ. ಹೊಸ ಯಂತ್ರಕ್ಕೆ ಅದೇ ಸರಿ, ಆದರೆ ಡಾಸ್ ಅಥವಾ ವಿಂಡೋಸ್ 98 ನಡೆಯಬೇಕಾದ ಯಂತ್ರದಲ್ಲಿ ಆ ಕಾಲದ ಎಫ್‌ಡಿಸ್ಕನ್ನೇ ಬಳಸುವುದು ಲೇಸು. ಆರಿಸಿದ ಪದ್ಧತಿ, ಸಿಲಿಂಡರು, ಹೆಡ್, ಸೆಕ್ಟರುಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿದರೆ, ಮುಂದಿನ ಬಾರಿ ಬ್ಯಾಟರಿ ಸತ್ತಾಗ ಎರಡು ನಿಮಿಷದ ಕೆಲಸ.

ಇದಕ್ಕಿಂತ ದೊಡ್ಡ ಡಿಸ್ಕುಗಳಿಗೆ 33.8 ಮತ್ತು 137 ಗಿಗಾಬೈಟುಗಳಲ್ಲಿ ಬೇರೆ ಗೋಡೆಗಳಿದ್ದವು. ಅವು ಹೆಡ್ಡುಗಳ ಜಗಳವಲ್ಲ, ಬಯಾಸ್ ಹಾಗೂ ವಿಳಾಸದ ಉದ್ದದ ಮಿತಿಗಳಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಹೊಸ ಯಂತ್ರವಿರುವವರು ಈ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬೇಕಾಗಿಲ್ಲ. ಯುಎಸ್‌ಬಿ ಹೊರಪೆಟ್ಟಿಗೆಯ ದೊಡ್ಡ ಡಿಸ್ಕುಗಳಲ್ಲಿ ಕೆಲವು, ಒಳಗಿನ ಡಿಸ್ಕು 512 ಬೈಟಿನ ಸೆಕ್ಟರನ್ನು ಹೇಳುತ್ತಿದ್ದರೂ, ಹೊರಗಿನ ಯಂತ್ರಕ್ಕೆ 4096 ಬೈಟಿನ ಸೆಕ್ಟರೆಂದು ತಿಳಿಸುತ್ತವೆ. ಪೆಟ್ಟಿಗೆಯ ಯುಎಸ್‌ಬಿ ಕಿಂಡಿ ಮುರಿಯಿತೆಂದು ಡಿಸ್ಕನ್ನು ಹೊರತೆಗೆದು ನೇರವಾಗಿ ಜೋಡಿಸಿದರೆ, ಪಟ್ಟಿಯ ಪ್ರತಿ ಕ್ರಮಸಂಖ್ಯೆಯೂ ಎಂಟು ಪಟ್ಟು ಹಿಂದಿನ ಸ್ಥಳವನ್ನು ತೋರಿಸಿ, ಡಿಸ್ಕು ಬರಿದಾಗಿರುವಂತೆ ಕಾಣುತ್ತದೆ. ಆಗಲೂ ಫಾರ್ಮ್ಯಾಟ್ ಎಂಬ ಗುಂಡಿಯನ್ನು ಮುಟ್ಟದೆ, ಅದೇ ಪೆಟ್ಟಿಗೆಯನ್ನು ದುರಸ್ತಿ ಮಾಡಿಸಿ, ಅಥವಾ ಅದೇ ಮಾದರಿಯ ಇನ್ನೊಂದನ್ನು ತಂದು, ಅದರೊಳಗಿಟ್ಟು ಕಡತಗಳನ್ನು ನಕಲು ಮಾಡಿಕೊಳ್ಳಬೇಕು. ಹೊಸ ಪಾರ್ಟಿಷನ್ ಏನಿದ್ದರೂ ಆಮೇಲೆ.